ಹಿಂಬಾಗಿಲ ಹೊಸ್ತಿಲಿನ ವಿಷಯ

ಭಾವನವರಿಗೆ,

ಈ ಹೆಸರಿನ ಹಿಂದೆ 'ಪ್ರೀತಿಯ' ಎಂದು ಬರೆಯಲು ಹೋಗಿ ಕೈ ತಡೆಯಿತು. ಮೂವತ್ತು ವರ್ಷ ತಪ್ಪದೆ ಬರೆದ ಪದ. ಇವತ್ತು ಬಿಟ್ಟಿದ್ದೇನೆ. ತಪ್ಪು ತಿಳಿಯಬೇಡಿ ಎಂದು ಕೇಳಿಕೊಳ್ಳುವುದಿಲ್ಲ, ಸರಿಯಾಗಿಯೇ ತಿಳಿಯಿರಿ.

ನೀವು ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು ಮಗಳ ಮನೆಯಲ್ಲಿದ್ದೀರಿ. ಇನ್ನೂ ಮೂರು ವಾರ ಅಕ್ಷರದ ತಂಟೆಗೆ ಹೋಗಬಾರದೆಂದು ವೈದ್ಯರು ಹೇಳಿದ್ದಾರಂತೆ. ಆದ್ದರಿಂದ ಈ ಪತ್ರವನ್ನು ನಿಮಗೆ ಓದಿ ಹೇಳುತ್ತಿರುವವಳು ನಿಮ್ಮ ಮಗಳು. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಹೇಳಿದ್ದರೆ ನೀವು ನಡುವೆ ಬಾಯಿ ಹಾಕಿ, ಒಂದು ತಮಾಷೆ ಮಾಡಿ, ನನ್ನನ್ನೂ ನಗಿಸಿ, ಮಾತನ್ನು ಎಲ್ಲಿಂದ ಎಲ್ಲಿಗೋ ಸಾಗಿಸಿಬಿಡುತ್ತಿದ್ದಿರಿ. ಆ ವಿದ್ಯೆಯಲ್ಲಿ ನಿಮ್ಮನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಕಾಗದದ ಮುಂದೆ ಅದು ನಡೆಯುವುದಿಲ್ಲ. ಮಗಳೇ, ಮಾವ ಬರೆದಿದ್ದನ್ನು ಒಂದಕ್ಷರ ಬಿಡದೆ ಓದು. ಅಪ್ಪ ಸಾಕು ಎಂದರೂ ನಿಲ್ಲಿಸಬೇಡ. ಇದು ನಿನ್ನ ಅಮ್ಮನ ವಿಷಯ, ಅವಳಿಗೆ ತಿಳಿಸಿಯೇ ಬರೆಯುತ್ತಿದ್ದೇನೆ.

ನೀವು ಹೊರಟ ನಾಲ್ಕನೆಯ ದಿನ ಅಕ್ಕ ಫೋನ್ ಮಾಡಿದಳು. ಹಿಂಬಾಗಿಲು ಹಾಕಲು ಬರುತ್ತಿಲ್ಲ, ಕೆಳಗೆಲ್ಲೋ ಕಚ್ಚಿಕೊಂಡು ನಿಲ್ಲುತ್ತದೆ, ಮಳೆ ಬಂದರೆ ನೀರು ಅಡುಗೆಮನೆಯವರೆಗೆ ಹರಿಯುತ್ತದೆ, ಮೂಲೆಯಿಂದ ಹಳೆಯ ಅಣಬೆಯಂಥ ವಾಸನೆ ಎಂದಳು. ಹೊರಡುವಾಗ ನೀವು, ಆ ಬಾಗಿಲಿಗೆ ಯಾರೂ ಕೈ ಹಾಕಬೇಡಿ, ನಾನೇ ಬಂದು ನೋಡುತ್ತೇನೆ ಎಂದು ಎರಡೆರಡು ಸಲ ಹೇಳಿದ್ದಿರಂತೆ. "ಅವರು ಬಂದ್ರೆ ಬೈತಾರೆ ಕಣೋ, ಆದ್ರೆ ರಾತ್ರಿಯೆಲ್ಲ ಬಾಗಿಲು ತೆಗೆದಿಟ್ಟು ಹೇಗೆ ಮಲಗಲಿ? ನೀನೇ ಬಂದು ಒಂದಿಷ್ಟು ಕೆತ್ತಿಕೊಡು" ಎಂದಳು. ಬಾಗಿಲಿನ ಅಡಿಯನ್ನು ಒಂದೆಳೆ ಸವರಿದರೆ ಮುಗಿಯುತ್ತದೆ ಎಂದುಕೊಂಡು ಗುರುವಾರ ಬೆಳಿಗ್ಗೆ ಉಳಿ-ಗರಗಸದ ಚೀಲ ಹಿಡಿದು ಹೋದೆ.

ಬಾಗಿಲಿನಲ್ಲಿ ಏನೂ ದೋಷವಿರಲಿಲ್ಲ. ಹೊಸ್ತಿಲು ಉಬ್ಬಿ ಎದ್ದಿತ್ತು. ಕಂದು ಬಣ್ಣ ಮೇಲೆ ಹೊಳೆಯುತ್ತಲೇ ಇತ್ತು. ವರ್ಷಕ್ಕೊಮ್ಮೆ ನೀವೇ ಕೂತು ಬಳಿಯುತ್ತಿದ್ದಿರಲ್ಲ. ತಿರುಪುಳಿಯ ತುದಿಯಿಂದ ಅಂಚನ್ನು ಒತ್ತಿ ನೋಡಿದೆ. ನೆನೆದ ರಟ್ಟಿಗೆ ಹೋದ ಹಾಗೆ ಹಿಡಿಯವರೆಗೆ ಒಳಗೆ ಹೋಯಿತು. 'ಮೇಲೆ ಥಳಕು, ಒಳಗೆ ಹುಳುಕು' ಎಂದು ಬೇರೆಯವರ ಕೆಲಸ ನೋಡಿ ನೀವು ಹೇಳುತ್ತಿದ್ದ ಮಾತು ನೆನಪಾಗಿ ನನಗೆ ನಗು ಬಂತು. ಆಗಿನ್ನೂ ನಗುವುದು ಸಾಧ್ಯವಿತ್ತು. ಇದು ಸವರುವ ಕೆಲಸವಲ್ಲ, ಹೊಸ್ತಿಲನ್ನೇ ತೆಗೆದು ಬೇರೆ ಹಾಕಬೇಕು ಎಂದು ಅಕ್ಕನಿಗೆ ಹೇಳಿದೆ. ಹಾಗಾದರೆ ಹಾಕು, ಬೈಗುಳ ನನಗಿರಲಿ ಎಂದಳು.

ಮುಂದಿನದನ್ನು ಹೇಳುವ ಮೊದಲು ಹನ್ನೊಂದು ವರ್ಷ ಹಿಂದಕ್ಕೆ ಹೋಗಬೇಕು. ನಿಮಗೆ ಬೇಡವಾಗಿರಬಹುದು. ನಿಮ್ಮ ಮಗಳು ಆಗ ಹಾಸ್ಟೆಲಿನಲ್ಲಿದ್ದಳು. ಅವಳಿಗೆ ನಾವು ಹೇಳಿದಷ್ಟೇ ಗೊತ್ತು.

ಅಕ್ಕ ಆಗ ಮನೆಮನೆಗೆ ಟಪಾಲು ಹಂಚುತ್ತಿದ್ದಳು. ಹದಿನೇಳು ವರ್ಷ ಸೈಕಲ್ಲಿನ ಮೇಲೆ, ಹೆಗಲಿಗೆ ಚೀಲ. ಕೆಸರಿನಲ್ಲಿ, ಜಲ್ಲಿಯಲ್ಲಿ, ನಾಯಿ ಅಟ್ಟಿಸಿಕೊಂಡು ಬಂದಾಗ, ಎಲ್ಲೂ ಒಂದು ದಿನ ಬಿದ್ದವಳಲ್ಲ. ಸೈಕಲನ್ನು ಹಿಂಬಾಗಿಲ ಒಳಗಡೆ ನಿಲ್ಲಿಸುತ್ತಿದ್ದಳು. ಬೆಳಿಗ್ಗೆ ಅದನ್ನು ಎತ್ತಿ ಹೊಸ್ತಿಲು ದಾಟಿಸಿ, ಮೂರು ಮೆಟ್ಟಿಲು ಇಳಿಸಿ ಓಣಿಗೆ ಬರುತ್ತಿದ್ದಳು. ಆ ವರ್ಷ ನಾಲ್ಕು ತಿಂಗಳಿಂದ ಅವಳು ನಿಮಗೆ ಹೇಳುತ್ತಲೇ ಇದ್ದಳು, ಹೊಸ್ತಿಲು ಕಾಲಿಗೆ ಮೆತ್ತಗೆ ಹತ್ತುತ್ತದೆ, ಒಮ್ಮೆ ನೋಡಿ ಎಂದು. ನೀವು ನೋಡೋಣ ಎನ್ನುತ್ತಿದ್ದಿರಿ. ಹೊಸ ಶಾಲೆಯ ಅರವತ್ತು ಬಾಗಿಲುಗಳ ಕೆಲಸ ನಮ್ಮ ಮರಗೆಲಸದ ಕಾರ್ಖಾನೆಗೆ ಸಿಗುವುದರಲ್ಲಿತ್ತು. ನಾನೂ ನಿಮ್ಮ ಜೊತೆಗೇ ಅದರಲ್ಲಿ ಮುಳುಗಿದ್ದೆ. ಊರಿನ ಬಾಗಿಲುಗಳನ್ನೆಲ್ಲ ನೆಟ್ಟಗೆ ನಿಲ್ಲಿಸುವವರಿಗೆ ಸ್ವಂತ ಮನೆಯ ಹೊಸ್ತಿಲು ಯಾವ ಲೆಕ್ಕ?

ಒಂದು ಸೋಮವಾರ ಬೆಳಿಗ್ಗೆ ಅಕ್ಕ ಸೈಕಲ್ ಸಮೇತ ಮೆಟ್ಟಿಲ ಕೆಳಗೆ ಬಿದ್ದಿದ್ದಳು. ಸೊಂಟದ ಮೂಳೆ ಮುರಿದಿತ್ತು. ಸುದ್ದಿ ತಿಳಿದು ನಾನು ನೇರವಾಗಿ ಆಸ್ಪತ್ರೆಗೇ ಓಡಿದೆ. ಅಲ್ಲಿ ನನ್ನ ಕೈ ಹಿಡಿದುಕೊಂಡು ಅವಳು ಹೇಳಿದ ಮೊದಲ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: "ನಾನು ಎಡವಲಿಲ್ಲ ಕಣೋ. ಹೊಸ್ತಿಲು ಕಾಲ ಕೆಳಗೆ ಕುಸೀತು. ಒಳಗೆ ಎಳಕೊಂಡ ಹಾಗಾಯ್ತು." ನೀವು ಅವಳ ತಲೆ ನೇವರಿಸಿ, ಆಯ್ತು ಮಲಗು, ಆಮೇಲೆ ಮಾತಾಡೋಣ ಎಂದಿರಿ. ಬುಧವಾರ ಅವಳಿಗೆ ಶಸ್ತ್ರಚಿಕಿತ್ಸೆ ಆಯಿತು. ಒಳಗೆ ಒಯ್ದ ಮೇಲೆ ನೀವು, ಮನೆಯಲ್ಲಿ ಸ್ವಲ್ಪ ಕೆಲಸವಿದೆ, ನೀನು ಇರು ಎಂದು ಹೇಳಿ ಹೋದಿರಿ. ಸಂಜೆ ಅವಳು ಕಣ್ಣು ಬಿಟ್ಟಾಗ ಅವಳ ಪಕ್ಕದಲ್ಲಿದ್ದವನು ನಾನು. ನಿನ್ನ ಭಾವ ಎಲ್ಲಿ ಎಂದು ಕೇಳಿದಳು. ಪಾಪ, ನಿನ್ನ ನೋವು ನೋಡಲಾಗದೆ ಹೊರಗೆ ಹೋಗಿದ್ದಾರೆ ಎಂದೆ. ನಾನು ಹಾಗೆಯೇ ನಂಬಿದ್ದೆ.

ಇಪ್ಪತ್ತು ದಿನ ಕಳೆದು ಮನೆಗೆ ಕರೆತಂದೆವು. ಗಾಲಿಕುರ್ಚಿಯನ್ನು ನೀವು ಮಲಗುವ ಕೋಣೆಗೆ ತಳ್ಳಲಿಲ್ಲ, ನೇರವಾಗಿ ಹಿಂಬಾಗಿಲಿಗೆ ತಳ್ಳಿದಿರಿ. ಎದುರುಮನೆಯ ದರ್ಜಿಯಮ್ಮ, ಅವಳ ಅಂಚೆ ಕಚೇರಿಯ ಇಬ್ಬರು, ಎಲ್ಲರೂ ನೋಡಲು ಬಂದಿದ್ದರು. "ಎಲ್ಲಿ ಕುಸಿದಿದೆ, ತೋರಿಸು" ಎಂದಿರಿ. ಅಲ್ಲಿ ಏನೂ ಇರಲಿಲ್ಲ. ಹೊಸ್ತಿಲು ನುಣ್ಣಗೆ, ಇಡಿಯಾಗಿ ಇತ್ತು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಬಡಗಿ. ಅದರ ಮೇಲೆ ನಿಂತು ನೋಡಿ ನಿನ್ನ ಅಕ್ಕನಿಗೆ ನೀನೇ ಹೇಳು" ಎಂದಿರಿ. ನಾನು ನಿಂತೆ. ನಿಂತದ್ದಲ್ಲದೆ ಎರಡು ಸಲ ಕುಪ್ಪಳಿಸಿದೆ. "ಕಲ್ಲಿನ ಹಾಗಿದೆ ಅಕ್ಕಾ" ಎಂದೆ.

ಭಾವ, ಆ ಗಳಿಗೆಯಲ್ಲಿ ನನಗೆ ಬಣ್ಣದ ವಾಸನೆ ಬಂದಿತ್ತು. ಹೊಸ ಬಣ್ಣದ ವಾಸನೆ. ದಿನವೂ ಅದರಲ್ಲೇ ಬದುಕುವ ನನಗೆ ಅದು ಗೊತ್ತಾಗದೆ ಇರುತ್ತದೆಯೇ? ಒಂದು ಕ್ಷಣ ನಿಮ್ಮ ಮುಖ ನೋಡಿದೆ. ನೀವು ನಗುತ್ತಿದ್ದಿರಿ. ಹೆಂಡತಿ ಮನೆಗೆ ಬರುತ್ತಾಳೆಂದು ಬಳಿದಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಮ್ಮನ್ನು ಕೇಳಲಿಲ್ಲ. ನಿಮ್ಮ ಮೇಲೆ ಬರೆಯುವ ಈ ಪತ್ರದಲ್ಲಿ ನನ್ನ ಪಾಲನ್ನೂ ಬರೆಯುತ್ತೇನೆ, ಬಚ್ಚಿಡುವುದಿಲ್ಲ.

ಅವಳ ಬಲಗಾಲಿನ ಚಪ್ಪಲಿಯನ್ನು ನೀವು ಎತ್ತಿ ಎಲ್ಲರಿಗೂ ತೋರಿಸಿದಿರಿ. ಪಟ್ಟಿ ಹರಿದಿತ್ತು, ಬಕ್ಕಲ್ ಇರಲಿಲ್ಲ. ಕಿತ್ತುಹೋದ ಚಪ್ಪಲಿ ಮೆಟ್ಟಿಕೊಂಡು ಸೈಕಲ್ ಎತ್ತಿದರೆ ಬೀಳದೆ ಇನ್ನೇನಾಗುತ್ತದೆ ಎಂದಿರಿ. ಬೀಳುವವರೆಗೆ ಅದು ಚೆನ್ನಾಗಿತ್ತು ಎಂದು ಅಕ್ಕ ಹೇಳಲು ಹೊರಟಳು. ಆಗ ನೀವು ಹೇಳಿದಿರಿ, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ." ಎಲ್ಲರೂ ನಕ್ಕರು. ನಾನೂ ನಕ್ಕೆ. ಕೊನೆಗೆ ಅಕ್ಕನೂ ನಕ್ಕಳು, ಮೊದಲು ನಮ್ಮ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿ, ಆಮೇಲೆ. ನೆಲ ನಿಜವಾಗಿಯೂ ಡೊಂಕಾಗಿತ್ತು ಎಂಬುದು ಆ ಗುಂಪಿನಲ್ಲಿ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬಳು ಅದನ್ನು ಹೇಳಿ ನಗೆಪಾಟಲಾದಳು. ಇನ್ನೊಬ್ಬರು ನೀವು, ಗಾದೆ ಹೇಳಿದಿರಿ.

ಆವತ್ತಿನಿಂದ ಅಕ್ಕ ತನ್ನ ಕಾಲನ್ನು ನಂಬುವುದನ್ನು ಬಿಟ್ಟಳು. ಮೂಳೆ ಕೂಡಿತು, ಸ್ವಲ್ಪ ಸೊಟ್ಟಗೆ. ಕಚೇರಿಯವರು ಕೂತು ಮಾಡುವ ಕೆಲಸ ಕೊಡುತ್ತೇವೆ ಎಂದರು. ಒಪ್ಪಲಿಲ್ಲ. ನನ್ನ ಕಾಲಿಗೆ ಕಣ್ಣಿಲ್ಲ, ದಾರಿಯಲ್ಲಿ ಯಾರ ಮೇಲಾದರೂ ಬಿದ್ದೇನು ಎಂದು ಕೆಲಸವನ್ನೇ ಬಿಟ್ಟಳು. 'ನನ್ನ ಕಾಲಿಗೆ ಕಣ್ಣಿಲ್ಲ' ಎಂಬ ಮಾತು ಯಾರದು ಭಾವ? ನೀವು ಹೇಳಿಕೊಟ್ಟದ್ದು. ಹಿಂಬಾಗಿಲಿನಿಂದ ಅವಳು ಮತ್ತೆ ಹೊರಗೆ ಕಾಲಿಡಲಿಲ್ಲ. ಮಗಳ ಮದುವೆಯ ಮನೆಯಲ್ಲಿ ಅವಳು ಗೋಡೆ ಹಿಡಿದು ನಡೆಯುತ್ತಿದ್ದಾಗ, 'ಎಡವಮ್ಮ ಬಂದಳು, ದಾರಿ ಬಿಡಿ' ಎಂದು ಕೂಗಿದವನು ನಾನು. ಆ ಹೆಸರು ಇಟ್ಟವನು ನಾನೇ. ಮನೆಮಂದಿಯಿಂದ ಓಣಿಗೆ, ಓಣಿಯಿಂದ ಅಂಗಡಿಯವರಿಗೆ, ಎಲ್ಲರಿಗೂ ಅವಳು ಎಡವಮ್ಮ ಆದಳು. ಅವಳೂ ಫೋನಿನಲ್ಲಿ ನಗುತ್ತಾ 'ನಾನು ಎಡವಮ್ಮ ಮಾತಾಡ್ತಿರೋದು' ಎನ್ನುತ್ತಿದ್ದಳು.

ಮಗಳೇ, ನಿನ್ನ ಹೆಣ್ಣುಮಗು ಹುಟ್ಟಿದಾಗ ಅಮ್ಮ ಅದನ್ನು ನಿಂತುಕೊಂಡು ಎತ್ತಲಿಲ್ಲವೆಂದು ನಿನಗೆ ಬೇಜಾರಾಗಿತ್ತು. ನನ್ನ ಹತ್ತಿರ ಹೇಳಿಕೊಂಡಿದ್ದೆ. ಅವಳು ನೆಲದ ಮೇಲೆ ಕೂತು, ಬೆನ್ನನ್ನು ಗೋಡೆಗೆ ಒತ್ತಿ, ಎರಡೂ ಕಡೆ ದಿಂಬು ಇರಿಸಿಕೊಂಡು, ಆಮೇಲೆ 'ಈಗ ಕೊಡಿ' ಎಂದು ಕೈ ನೀಡುತ್ತಿದ್ದಳು. ಪ್ರೀತಿ ಕಡಿಮೆಯಾಗಿ ಅಲ್ಲ. ಮಗುವನ್ನು ಬೀಳಿಸಿಬಿಡುತ್ತೇನೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಆ ಖಾತ್ರಿಯನ್ನು ಕೊಟ್ಟವರ ಎದುರು ನೀನು ಈಗ ಕೂತಿದ್ದೀಯ. ಓದು.

ಗುರುವಾರಕ್ಕೆ ಬರುತ್ತೇನೆ. ಎಲ್ಲಿ ಕೊಯ್ಯಬೇಕೆಂದು ನೋಡಲು ಮೊದಲು ಬಣ್ಣ ಹೆರೆದೆ. ಹನ್ನೊಂದು ಪದರವೋ ಎಷ್ಟೋ, ಉಳಿಗೆ ಸುರುಳಿಸುರುಳಿಯಾಗಿ ಬಂತು. ಅಡಿಯಲ್ಲಿ ಕೂದಲೆಳೆಯಂಥ ಒಂದು ಗೆರೆ ಕಂಡಿತು. ಎರಡು ಗೇಣು ಉದ್ದದ ತುಂಡೊಂದನ್ನು ಹೊಸ್ತಿಲಿನ ನಡುವೆ ಕೂರಿಸಿದ ಸಂದು ಅದು. ಸರಿಯಾಗಿ ಕಾಲಿಡುವ ಜಾಗದಲ್ಲಿ. ಅಷ್ಟು ನಾಜೂಕಾದ ಸಂದು ಮಾಡಬಲ್ಲವರು ನನಗೆ ಗೊತ್ತಿರುವಂತೆ ನೀವೊಬ್ಬರೇ. ನಾನು ಇಷ್ಟು ವರ್ಷ ಪ್ರಯತ್ನಪಟ್ಟರೂ ನನ್ನ ಕೈಗೆ ಅದು ಬಂದಿಲ್ಲ. ಅದನ್ನು ಮೀಟಿ ತೆಗೆದೆ. ಕೆಳಗೆ ಅಡ್ಡಕ್ಕೆ ಕಬ್ಬಿಣದ ಪಟ್ಟಿ. ಅದನ್ನೂ ಬಿಚ್ಚಿದೆ. ಅದರಡಿಯಲ್ಲಿ ಹಳೆಯ ಹೊಸ್ತಿಲಿನ ಮುರಿದ ಗುಂಡಿ, ಒಳಕ್ಕೆ ಬಾಗಿದ ಸಿಬಿರುಗಳು. ಒಂದು ಪಾದ ಇಳಿಯುವಷ್ಟು ದೊಡ್ಡದು. ಗುಂಡಿಯ ತುಂಬ ಗೋಂದಿನಲ್ಲಿ ಕಲಸಿದ ಮರದ ಹೊಟ್ಟು, ಅದರ ಕೆಳಗೆ ಗೋಂದಿನಲ್ಲೇ ಅದ್ದಿ ತುರುಕಿದ ದಿನಪತ್ರಿಕೆ. ಕಲ್ಲಿನಂತೆ ಗಟ್ಟಿಯಾಗಿದ್ದ ಆ ಉಂಡೆಯನ್ನು ಒಡೆದೆ. ಒಂದು ಹಾಳೆಯ ಮೇಲ್ತುದಿ ಉಳಿದಿತ್ತು. ತಾರೀಖು ಓದಿದೆ. ಅಕ್ಕನ ಶಸ್ತ್ರಚಿಕಿತ್ಸೆಯ ಬುಧವಾರದ್ದು.

ಎಲ್ಲಕ್ಕಿಂತ ಕೆಳಗೆ, ಎರಡು ಸಿಬಿರುಗಳ ನಡುವೆ, ಹಿತ್ತಾಳೆಯ ಒಂದು ಸಣ್ಣ ಬಕ್ಕಲ್ ಸಿಕ್ಕಿಕೊಂಡಿತ್ತು. ಬೆರಳಗಲದ ಕಪ್ಪು ಪಟ್ಟಿ ಅದಕ್ಕೆ ಇನ್ನೂ ಅಂಟಿತ್ತು.

ಮುಚ್ಚಿ ಹಾಕೋಣ ಎನ್ನಿಸಿತು, ಸುಳ್ಳು ಹೇಳುವುದಿಲ್ಲ. ಐವತ್ತೈದರ ಹೆಂಗಸಿಗೆ ಈಗ ಇದನ್ನು ಹೇಳಿ ಯಾವ ಉಪಕಾರ ಎಂದು ಯೋಚಿಸಿದೆ. ಬಕ್ಕಲನ್ನು ಜೇಬಿಗೆ ಹಾಕಿಕೊಂಡೂ ಆಗಿತ್ತು. ಅಷ್ಟರಲ್ಲಿ ಅಕ್ಕ ನೀರಿನ ಲೋಟ ಹಿಡಿದು, ಇನ್ನೊಂದು ಕೈಯಲ್ಲಿ ಗೋಡೆ ಸವರುತ್ತಾ ಬಂದಳು. ಹುಷಾರಾಗಿ ಬಾ ಎನ್ನಲು ಬಾಯಿ ತೆರೆದವನು ಆ ಮಾತನ್ನು ಆಡದೆ ಬಿಟ್ಟೆ. ಹನ್ನೊಂದು ವರ್ಷದಿಂದ ಅವಳಿಗೆ ಎಲ್ಲರೂ ಹೇಳಿದ್ದು ಅದೊಂದೇ. ಜೇಬಿನಿಂದ ತೆಗೆದು ಅವಳ ಅಂಗೈಯಲ್ಲಿಟ್ಟೆ. ಗುಂಡಿ ತೋರಿಸಿದೆ, ಹಾಳೆ ತೋರಿಸಿದೆ.

ಅವಳು ಅಳಲಿಲ್ಲ. ಬಕ್ಕಲನ್ನು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ನೋಡಿದಳು. ಆಮೇಲೆ ಮೆಲ್ಲಗೆ, "ಹಾಗಾದ್ರೆ ನಾನು ಎಡವಿರಲಿಲ್ಲ" ಎಂದಳು.

ಇಲ್ಲ ಅಕ್ಕ ಎಂದೆ.

"ನಾನು ಆವತ್ತೇ ಹೇಳಿದ್ದೆ."

ಹೌದು ಎಂದೆ.

"ನೀನು ಅದರ ಮೇಲೆ ನಿಂತು ಕುಣಿದೆ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಅಡುಗೆಮನೆಯ ಕುರ್ಚಿ ಎಳೆದು ಆ ಗುಂಡಿಯ ಎದುರಿಗೇ ಹಾಕಿಕೊಂಡು ಕೂತಳು. ಸತ್ತವರ ಪಕ್ಕ ಕೂರುವ ಹಾಗೆ ಬಹಳ ಹೊತ್ತು ಕೂತಿದ್ದಳು. ಕೊನೆಗೆ, ಬಾಗಿಲು ಹೀಗೆ ಬಾಯಿ ತೆರೆದುಕೊಂಡು ಇರಬಾರದು, ಕೆಲಸ ಮುಂದುವರಿಸು ಎಂದಳು.

ಹೊಸ್ತಿಲನ್ನು ಎರಡು ಕಡೆ ಗರಗಸದಲ್ಲಿ ಕೊಯ್ದು ಮೂರು ತುಂಡು ಮಾಡಿ ತೆಗೆದೆ. ನಡುವಿನದು ಕೈಯಲ್ಲೇ ಪುಡಿಯಾಯಿತು. ಚೌಕಟ್ಟಿನ ಎರಡೂ ಕಾಲುಗಳ ಬುಡ ಕೊಳೆತಿತ್ತು. ಒಳ್ಳೆಯ ಮರ ಸಿಗುವವರೆಗೆ ಕತ್ತರಿಸಿ ಬೇರೆ ತುಂಡು ಜೋಡಿಸಿದೆ. ಒಂದು ಒಳ್ಳೆಯ ತೇಗದ ಹಲಗೆಯನ್ನು ಕಾರ್ಖಾನೆಯಿಂದ ತಂದೆ. ನೀವು ನನಗೆ ಕಲಿಸಿದ ಹಾಗೆಯೇ ಮಾಡಿದೆ: ಹೊರಗಡೆಗೆ ಇಳಿಜಾರು, ಅಡಿಯಲ್ಲಿ ನೀರು ತೊಟ್ಟಿಕ್ಕಿ ಬೀಳಲು ಕೊರೆದ ಒಂದು ಸಣ್ಣ ಕಾಲುವೆ, ಕಣ್ಣಿಗೆ ಕಾಣದ ತಳಕ್ಕೂ ತುದಿಗಳಿಗೂ ಮೊದಲು ಎಣ್ಣೆ. 'ಕಾಣದ ಜಾಗಕ್ಕೆ ಮೊದಲು ಹಚ್ಚು, ಕಾಣೋ ಜಾಗಕ್ಕೆ ಯಾರು ಬೇಕಾದ್ರೂ ಹಚ್ತಾರೆ' ಎಂದು ನನಗೆ ಹೇಳಿಕೊಟ್ಟವರು ನೀವು. ನಿಮ್ಮ ಹಳೆಯ ಹೊಸ್ತಿಲಿಗೆ ಇಳಿಜಾರೂ ಇರಲಿಲ್ಲ, ತಳಕ್ಕೆ ಎಣ್ಣೆಯೂ ಬಿದ್ದಿರಲಿಲ್ಲ. ಎರಡು ತುದಿಗೂ ಬೆಣೆ ಹೊಡೆಯುವಾಗ ಅಕ್ಕ ಕುರ್ಚಿಯಿಂದ ಇಳಿದು ನೆಲಕ್ಕೆ ಕೂತು ರಸಮಟ್ಟ ಹಿಡಿದುಕೊಂಡಳು. ಅದರ ಗಾಜಿನ ಕೊಳವೆಯೊಳಗಿನ ಗುಳ್ಳೆ ನಡುವೆ ಬಂದಾಗ ನಾನು ಸರಿಯಾಯಿತು ಎಂದೆ. ಅವಳು ಒಪ್ಪಲಿಲ್ಲ. ಬಗ್ಗಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ ತಾನೇ ನೋಡಿದಳು. ತಿರುಗಿಸಿ ಇಟ್ಟು ಇನ್ನೊಮ್ಮೆ ನೋಡಿದಳು. ಇನ್ನು ಮುಂದೆ ಈ ಮನೆಯಲ್ಲಿ ಯಾರ ಮಾತನ್ನೂ ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ ಎಂದು ಅವಳು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಎರಡು ರಾತ್ರಿ ಒಣಗಲು ಬಿಟ್ಟೆವು. ಶನಿವಾರ ಬೆಳಿಗ್ಗೆ ಅವಳು ಅದರ ಮೇಲೆ ಕಾಲಿಟ್ಟು ಹೊರಗೆ ಹೋದಳು. ನಾನು ಕೈ ಕೊಡಲು ಹೋದೆ, ಬೇಡ ಎಂದಳು. ಕಥೆಗಳಲ್ಲಿ ಆಗುವಂತೆ ಅವಳು ಓಡಲಿಲ್ಲ, ಸೈಕಲ್ ಹತ್ತಲಿಲ್ಲ. ಮೂರು ಮೆಟ್ಟಿಲು ಇಳಿಯುವಷ್ಟರಲ್ಲಿ ಬೆವರಿದಳು. ಸೊಂಟ ಹಿಡಿದುಕೊಂಡು ನಿಂತಳು. ಸೊಟ್ಟಗೆ ಕೂಡಿದ ಮೂಳೆ ಸೊಟ್ಟಗೇ ಇದೆ. ಅದನ್ನು ಕೊಯ್ದು ತೆಗೆದು ಹೊಸದು ಹಾಕುವ ಬಡಗಿ ಎಲ್ಲೂ ಇಲ್ಲ.

ಎದುರುಮನೆಯ ದರ್ಜಿಯಮ್ಮ ಕಿಟಕಿಯಿಂದ ಕಂಡು, ಒಳ್ಳೆಯ ಮನಸ್ಸಿನಿಂದಲೇ, ಅಯ್ಯೋ ಎಡವಮ್ಮಾ, ಹುಷಾರು ಎಂದರು. ಅಕ್ಕ ಅಲ್ಲೇ ನಿಂತು, ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು, "ನಾನು ಎಡವಿರಲಿಲ್ಲ. ಹೊಸ್ತಿಲು ಕೊಳೆತಿತ್ತು. ನಮ್ಮ ಯಜಮಾನರಿಗೆ ಗೊತ್ತಿತ್ತು, ಮುಚ್ಚಿ ಬಣ್ಣ ಬಳಿದ್ರು." ಹೊಲಿಗೆ ಯಂತ್ರದ ಸದ್ದು ನಿಂತಿತು. ಅಕ್ಕ ಮತ್ತೇನೂ ವಿವರಿಸದೆ ಮೆಟ್ಟಿಲು ಹತ್ತಿ ಒಳಗೆ ಬಂದಳು. ಇಷ್ಟು ಹೊತ್ತಿಗೆ ವಿಷಯ ಅರವತ್ತು ಬಾಗಿಲಿನ ಆ ಶಾಲೆಯ ಗುಮಾಸ್ತರವರೆಗೂ ಹೋಗಿರುತ್ತದೆ. ನೀವು ಯಾವುದಕ್ಕೆ ಹೆದರಿ ಆ ಬುಧವಾರ ಹೆಂಡತಿಯನ್ನು ಬಿಟ್ಟು ಓಡಿಬಂದಿರೋ ಅದು ಹನ್ನೊಂದು ವರ್ಷ ತಡವಾಗಿ ಆಗಿದೆ, ಅಷ್ಟೇ. ಬಡಗಿಯ ಮನೆಯ ಹೊಸ್ತಿಲೇ ಮುರಿಯಿತೆಂದರೆ ಜನ ಎರಡು ದಿನ ಆಡಿಕೊಂಡು ಮರೆಯುತ್ತಿದ್ದರು ಭಾವ. ತಪ್ಪಾಯಿತು, ನೀನು ಹೇಳಿದಾಗ ನಾನು ನೋಡಬೇಕಿತ್ತು ಎಂದು ಆಸ್ಪತ್ರೆಯಲ್ಲಿ ಒಂದು ಮಾತು ಹೇಳಿದ್ದರೆ ಅಕ್ಕ ಅದನ್ನು ಅಲ್ಲೇ ಕ್ಷಮಿಸಿಬಿಡುತ್ತಿದ್ದಳು. ಅವಳು ಎಂಥವಳು ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅದನ್ನು ತಿಳಿದೇ ಅವಳನ್ನು ಆರಿಸಿಕೊಂಡಿರಿ, ನಿಮ್ಮ ತಪ್ಪನ್ನು ಹೊರುವುದಕ್ಕೆ.

ನೀವು ಮೂರು ದಿನದಿಂದ ಫೋನ್ ಮಾಡುತ್ತಿದ್ದೀರಿ, ಅವಳು ಎತ್ತುತ್ತಿಲ್ಲ. ಅವರು ಬಂದರೆ ಏನು ಮಾಡುತ್ತೀಯ ಎಂದು ನಿನ್ನೆ ಕೇಳಿದೆ. ಪಾತ್ರೆ ತೊಳೆಯುತ್ತಿದ್ದಳು, ತಿರುಗಿ ನೋಡದೆ ಹೇಳಿದಳು, "ಬರಲಿ. ಅವರ ಮನೆ. ಊಟ ಹಾಕ್ತೀನಿ. ಮಾತು ಮಾತ್ರ ಇನ್ನು ನಂಬಲ್ಲ." ಇದನ್ನು ಅವರಿಗೆ ಬರೆಯಲೇ ಎಂದೆ. ಬರಿ, ಮಗಳಿಗೂ ಗೊತ್ತಾಗಲಿ, ನನ್ನ ಬಾಯಿಂದ ಹೇಳಿದರೆ ಇನ್ನೊಮ್ಮೆ ನಗುತ್ತಾರೇನೋ ಎಂದಳು. ನೆನಪಿಡಿ, ಇದನ್ನು ಹೇಳುವಾಗಲೂ ಅವಳಿಗೆ ಆ ಹೆದರಿಕೆ ಇತ್ತು.

ನನ್ನ ಮಟ್ಟಿಗೆ ಹೇಳುವುದಾದರೆ, ಸೋಮವಾರದಿಂದ ನಾನು ಕಾರ್ಖಾನೆಗೆ ಬರುವುದಿಲ್ಲ. ನನ್ನ ಉಳಿಗಳನ್ನು ತಂದುಕೊಂಡಿದ್ದೇನೆ. ನೀವು ಕೊಡಿಸಿದ ದೊಡ್ಡ ಉಳಿಯನ್ನು ನಿಮ್ಮ ಮೇಜಿನ ಮೇಲಿಟ್ಟು ಬಂದಿದ್ದೇನೆ. ಅರ್ಧ ಆಗಿರುವ ಕಿಟಕಿಗಳ ಅಳತೆ ಗೋಡೆಯ ಮೇಲೆ ಬರೆದಿದೆ, ಬೀಗದ ಕೈ ಕಾವಲುಗಾರನ ಹತ್ತಿರವಿದೆ. ನನಗೆ ಕಸುಬು ಕೊಟ್ಟವರು ನೀವು, ಅದನ್ನು ಇಲ್ಲವೆನ್ನುವುದಿಲ್ಲ. ಆದರೆ ನಿಮ್ಮ ಪಕ್ಕ ನಿಂತರೆ ನನಗೆ ಆ ಎರಡು ಕುಪ್ಪಳಿಕೆ ನೆನಪಾಗುತ್ತದೆ. ನೀವು ಮುಚ್ಚಿದಿರಿ, ನಾನು ಅದರ ಮೇಲೆ ನಿಂತು ಸಾಕ್ಷಿ ಹೇಳಿದೆ. ಇಬ್ಬರಲ್ಲಿ ಯಾರು ಹೆಚ್ಚು ಎಂದು ಅಳೆಯುವ ಕೋಲು ನನ್ನಲ್ಲಿಲ್ಲ. ಇನ್ನು ನನ್ನ ಬೆಳಗುಗಳು ಅಕ್ಕನವು. ಓಣಿಯ ತುದಿಯ ಅಂಚೆಪೆಟ್ಟಿಗೆಯವರೆಗೆ ಹೋಗಿ ಬರಬೇಕು ಎನ್ನುತ್ತಾಳೆ, ನಾನು ಅವಳ ಹಿಂದೆ ನಡೆಯುತ್ತೇನೆ. ಕೈ ಹಿಡಿಯಲು ಬಿಡುವುದಿಲ್ಲ. ಇವತ್ತು ಅರ್ಧ ದಾರಿಯವರೆಗೆ ಹೋಗಿದ್ದೆವು.

ಮಗಳೇ, ಓದಿದ್ದಕ್ಕೆ ನಿನಗೆ ಒಳ್ಳೆಯದಾಗಲಿ. ಅಪ್ಪನ ಮೇಲೆ ಕೂಗಾಡಬೇಡ, ಔಷಧಿ ಹೊತ್ತುಹೊತ್ತಿಗೆ ಹಾಕು. ಇವತ್ತೇ ಅಮ್ಮನಿಗೆ ಫೋನ್ ಮಾಡು. ಅವಳು ಎತ್ತಿದಾಗ ಮೊದಲು ಏನನ್ನೂ ಹೇಳಬೇಡ, ಅವಳೇ ಹೇಳಲಿ, ಕೇಳಿಸಿಕೋ.

ಭಾವ, ನಿಮಗೆ ಆಯಸ್ಸು ಗಟ್ಟಿಯಾಗಿರಲಿ. ಹೇಳಬೇಕಾದ ಒಂದು ಮಾತನ್ನು ಅಕ್ಕನ ಮುಖ ನೋಡಿ ಹೇಳುವಷ್ಟು ದಿನವಾದರೂ ಇರಲಿ.

ಇಷ್ಟೇ.

ನಿಮ್ಮ ಕೈಕೆಳಗೆ ಕೆಲಸ ಕಲಿತವನು,
ಅಕ್ಕನ ತಮ್ಮ